ಅರ್ಥವಾಗಲಿಲ್ಲ ಎಂದ ಕೇಳುಗ

ವರ್ಮಾಂಟ್‌ನ ಹಾರ್ಟ್‌ವೆಲ್‌ನಲ್ಲಿ, ಗುಡ್ಡದ ಮೇಲಿನ ಕಾಲೇಜು ಮುಚ್ಚಿದ ವರ್ಷ ನಡೆದ ಸಂಗತಿ ಇದು. ಇದನ್ನು ನನಗೆ ಹೇಳಿದವರು ಇಬ್ಬರು. ಊರಿನ ಮಣ್ಣುರಸ್ತೆಗಳನ್ನು ಮೂವತ್ತೆಂಟು ವರ್ಷ ಹದಗೊಳಿಸಿ ನಿವೃತ್ತನಾದ ಆರ್ಲೊ ಪ್ರೆಂಟಿಸ್ ಒಬ್ಬ. ಆ ಕಾಲೇಜಿನ ಕೊನೆಯ ತಂಡದಲ್ಲಿ ಇತಿಹಾಸ ಓದಿದ ತೆಸ್ಸಾ ಬುಶಾರ್ಡ್ ಇನ್ನೊಬ್ಬಳು. ಇಬ್ಬರನ್ನೂ ಬೇರೆಬೇರೆಯಾಗಿ, ಎರಡೆರಡು ಬಾರಿ ಕೇಳಿ ಬರೆದುಕೊಂಡಿದ್ದೇನೆ.

ಆ ಕಾಲೇಜಿನಲ್ಲಿ ವೃತ್ತಿವಿದ್ಯೆ ಯಾವುದನ್ನೂ ಕಲಿಸುತ್ತಿರಲಿಲ್ಲ. ಇತಿಹಾಸ, ತತ್ವಶಾಸ್ತ್ರ, ಸಾಹಿತ್ಯ, ಹಳೆಯ ಭಾಷೆಗಳು, ಸ್ವಲ್ಪ ಗಣಿತ. ಕೊನೆಯ ವರ್ಷ ಪ್ರತಿ ವಿದ್ಯಾರ್ಥಿಯೂ ಒಂದು ಪ್ರಬಂಧ ಬರೆಯಬೇಕು. ಬರೆದದ್ದನ್ನು ಕಾಲೇಜಿನ ಮೆಟ್ಟಿಲು ಹತ್ತದ ಊರಿನವನೊಬ್ಬನ ಮುಂದೆ ಕಾಗದವಿಲ್ಲದೆ ಒಂದು ಗಂಟೆ ಹೇಳಬೇಕು. ಅವನನ್ನು ಕೇಳುಗ ಎನ್ನುತ್ತಿದ್ದರು. ಅಧ್ಯಾಪಕರು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಕೇಳುಗನು ‘ಅರ್ಥವಾಯಿತು’ ಎಂದರೆ ಏನು ಅರ್ಥವಾಯಿತೆಂಬುದನ್ನು ತನ್ನ ಮಾತಿನಲ್ಲಿ ಎಲ್ಲರೆದುರು ಹೇಳಬೇಕು, ಆಗ ಪದವಿ. ‘ಅರ್ಥವಾಗಲಿಲ್ಲ’ ಎಂದರೆ ವಿದ್ಯಾರ್ಥಿ ಸೆಪ್ಟೆಂಬರಿನಲ್ಲಿ ಬೇರೊಬ್ಬ ಕೇಳುಗನ ಮುಂದೆ ನಿಲ್ಲಬೇಕು. ಹಾಗೆ ನಿಂತವರು ಅನೇಕರು. ಅದನ್ನು ಯಾರೂ ಅವಮಾನವೆಂದು ಎಣಿಸುತ್ತಿರಲಿಲ್ಲ.

ಮಾರ್ಚಿನ ಮೊದಲ ಮಂಗಳವಾರ, ಊರಸಭೆಯ ಮಧ್ಯಾಹ್ನದ ಊಟವಾದ ಮೇಲೆ ಕೇಳುಗರ ಚೀಟಿ ಎತ್ತುವುದು ವಾಡಿಕೆ. ಆ ವರ್ಷ ಕಾಲೇಜಿಗೆ ಮೇ ತಿಂಗಳೇ ಕೊನೆಯೆಂದು ಎಲ್ಲರಿಗೂ ತಿಳಿದಿತ್ತು. ಹುರುಳಿಕಾಯಿ ಬೇಯಿಸಿದ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಅಂಚೆಕಚೇರಿಯ ಡೋರಿಸ್ ಚೀಟಿ ಬಿಡಿಸಿದಳು.

“ಆರ್ಲೊ, ನೀನೇ ಕಣಪ್ಪ. ಇತಿಹಾಸ. ಬುಶಾರ್ಡ್ ಹುಡುಗಿ.”

“ಅಯ್ಯೋ, ನಂಗೆ ಕೂತಲ್ಲೇ ನಿದ್ದೆ ಬರತ್ತೆ.”

“ಗೊರಕೆ ಹೊಡೆದ್ರೆ ಅರ್ಥ ಆಗ್ಲಿಲ್ಲ ಅಂತ ಬರ್ಕೋತಾರೆ, ಹುಷಾರು.”

ಎದುರಿನ ಮೇಜಿನಿಂದ ತೆಸ್ಸಾಳ ತಂದೆ, ಚಳಿಗಾಲಕ್ಕೆ ಮನೆಮನೆಗೆ ಒಲೆಯ ಎಣ್ಣೆ ಹಾಕುವ ಲಾರಿ ಓಡಿಸುವ ಗಿಲ್ ಬುಶಾರ್ಡ್, ಬಾಯಿ ಹಾಕಿದ: “ನಾಲ್ಕು ವರ್ಷ ಓದಿ ಏನಾಗ್ತೀಯ ಅಂತ ಕೇಳ್ದೆ. ನಿರುದ್ಯೋಗಿ ಆಗ್ತೀನಿ ಅಪ್ಪ, ಆದ್ರೆ ಚೆನ್ನಾಗಿ ಮಾತಾಡೋ ನಿರುದ್ಯೋಗಿ ಅಂದ್ಲು.”

ಎಲ್ಲರೂ ನಕ್ಕರು. ಆದರೆ ಗಿಲ್‌ಗೆ ಗೊತ್ತಿತ್ತು: ಪಕ್ಕದ ಕಣಿವೆಯ ಶಾಲೆಯೊಂದು ಅವಳಿಗೆ ಇತಿಹಾಸದ ಶಿಕ್ಷಕಿಯ ಕೆಲಸ ಕೊಡಲು ಒಪ್ಪಿತ್ತು, ಜೂನ್ ಮುಗಿಯುವುದರೊಳಗೆ ಪದವಿ ಕೈಗೆ ಬರಬೇಕೆಂಬ ಷರತ್ತಿನ ಮೇಲೆ.

ಮೇ ತಿಂಗಳ ಎರಡನೆಯ ಶನಿವಾರ ಗ್ರಂಥಾಲಯದ ಸಭಾಂಗಣ ತುಂಬಿತ್ತು. ಅರ್ಧದಷ್ಟು ಪುಸ್ತಕಗಳು ಆಗಲೇ ಪೆಟ್ಟಿಗೆ ಸೇರಿದ್ದವು. ಆರ್ಲೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ. ತೆಸ್ಸಾ ನಿಂತು ಹೇಳತೊಡಗಿದಳು.

ಈ ಕಣಿವೆಯ ಹಳೆಯ ಸ್ಮಶಾನಗಳಲ್ಲಿ ಒಂದೇ ಕುಟುಂಬದ ಕಲ್ಲುಗಳ ಮೇಲೆ ಒಂದೇ ಹೆಸರು ಎರಡೆರಡು ಬಾರಿ ಕಾಣುತ್ತದೆ. ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುತ್ತಿದ್ದರು. ನೂರಾರು ಸಾವುಗಳನ್ನು ಕಂಡವರಿಗೆ ಮಕ್ಕಳ ಮೇಲೆ ಅಷ್ಟೇನೂ ಮಮತೆಯಿರಲಿಲ್ಲ, ಒಂದು ಹೋದರೆ ಇನ್ನೊಂದು ಎಂದುಕೊಳ್ಳುತ್ತಿದ್ದರು ಎಂದು ಪುಸ್ತಕಗಳು ಬರೆದಿದ್ದವು. ತೆಸ್ಸಾ ಅದನ್ನು ಒಪ್ಪಲಿಲ್ಲ. ಚರ್ಚಿನ ಕಡತ, ಮನೆಗಳ ಪತ್ರ, ದರ್ಜಿಯ ಲೆಕ್ಕದ ಪುಸ್ತಕ ಎಲ್ಲವನ್ನೂ ಒಂದು ವರ್ಷ ಜಾಲಾಡಿದ್ದಳು. ಹೆಸರನ್ನು ಮತ್ತೆ ಇಟ್ಟದ್ದು ಮರೆಯಲಿಕ್ಕಲ್ಲ, ದಿನಕ್ಕೆ ಹತ್ತು ಸಲ ಆ ಹೆಸರನ್ನು ಗಟ್ಟಿಯಾಗಿ ಕರೆಯಲು ನೆಪ ಬೇಕಿತ್ತು ಎಂದಳು. ಆಮೇಲೆ, ಪುಸ್ತಕಗಳು ಒಬ್ಬರನ್ನು ಮಾತ್ರ ಕೇಳಲಿಲ್ಲ, ಆ ಎರಡನೆಯ ಮಗುವನ್ನು, ಎಂದಳು.

ಗಂಟೆ ಮುಗಿಯಿತು. ಆರ್ಲೊ ತನ್ನ ಮಂಡಿಗಳನ್ನೇ ನೋಡುತ್ತ, “ಅರ್ಥ ಆಗ್ಲಿಲ್ಲ,” ಎಂದ. ಟೋಪಿ ತೆಗೆದುಕೊಂಡು ಹೊರಟುಹೋದ.

ತೆಸ್ಸಾಳ ಅಧ್ಯಾಪಕಿ ಹಿಲ್ಡಾ ಕ್ರೇನ್ ಅವಳನ್ನು ತಮ್ಮ ಕೋಣೆಗೆ ಕರೆದೊಯ್ದರು.

“ನಾಳೆ ಬೆಳಿಗ್ಗೆ ಇನ್ನೊಬ್ಬರನ್ನ ಕೂರಿಸ್ತೀನಿ. ಡೋರಿಸ್ ಬರ್ತಾಳೆ.”

“ನಿಯಮದಲ್ಲಿ ಸೆಪ್ಟೆಂಬರ್ ಅಂತಿದೆ ಮೇಡಂ.”

“ಸೆಪ್ಟೆಂಬರ್ ಎಲ್ಲಿದೆ ನಮಗೆ? ಹಠ ಮಾಡಬೇಡ ಕಣೆ.”

“ಹೋಗೋ ಹೊತ್ತಲ್ಲಿ ಡಿಗ್ರಿ ದಾನ ಕೊಟ್ಟು ಹೋದ್ರು ಅಂತ ಊರಲ್ಲಿ ಅನ್ನಿಸ್ಕೊಳ್ಳೋದು ಬೇಡ. ಒಂದು ವರ್ಷ ಓದಿದೀನಿ ಮೇಡಂ. ಒಬ್ಬ ಮನುಷ್ಯನಿಗೆ ಹೇಳಕ್ಕೆ ಬರಲಿಲ್ಲ. ಅಂದ್ರೆ ನಂಗೇ ಗೊತ್ತಿರಲಿಲ್ಲ ಅಂತ ಅಲ್ವಾ?”

ಇಪ್ಪತ್ತಾರು ವರ್ಷ ವಿದ್ಯಾರ್ಥಿಗಳಿಗೆ ಇದೇ ಮಾತನ್ನು ಹೇಳಿಕೊಟ್ಟವರು ಹಿಲ್ಡಾ ಕ್ರೇನ್. ಅವರು ಡೋರಿಸ್‌ಗೆ ಹೇಳಿಕಳಿಸಲಿಲ್ಲ.

ಕಾಲೇಜು ಮುಚ್ಚಿತು. ದಾಖಲೆಗಳನ್ನು ರಾಜಧಾನಿಯ ಪತ್ರಾಗಾರಕ್ಕೆ ಸಾಗಿಸಿ ಮುದ್ರೆ ಹಾಕಿದರು. ಶಾಲೆಯವರು ಜೂನ್ ಮುಗಿಯುವವರೆಗೆ ಕಾದು ಬೇರೆಯವರನ್ನು ತೆಗೆದುಕೊಂಡರು. ಬೇರೆ ಕಾಲೇಜುಗಳು ಅವಳ ಅರ್ಧ ಓದನ್ನಷ್ಟೇ ಲೆಕ್ಕಕ್ಕೆ ಹಿಡಿದು, ಇನ್ನೆರಡು ವರ್ಷ ಓದಬೇಕೆಂದವು. ಅದಕ್ಕೆ ಬೇಕಾದ ಹಣ ಗಿಲ್‌ನ ಬಳಿ ಇರಲಿಲ್ಲ. ತೆಸ್ಸಾ ರಟ್ಲೆಂಡ್‌ನಲ್ಲಿ ವಾಹನ ವಿಮೆಯ ಕಚೇರಿಯೊಂದನ್ನು ಸೇರಿ, ಅಪಘಾತದ ದೂರುಗಳನ್ನು ಫೋನಿನಲ್ಲಿ ಬರೆದುಕೊಳ್ಳುವ ಕೆಲಸ ಹಿಡಿದಳು.

ಆರ್ಲೊಗೆ ಇದೆಲ್ಲ ತಿಳಿದದ್ದು ಅಕ್ಟೋಬರಿನಲ್ಲಿ, ಡೋರಿಸ್‌ಳಿಂದ. ಅಧ್ಯಾಪಕರು ಹೇಗೋ ಸರಿಮಾಡಿರುತ್ತಾರೆ ಎಂದುಕೊಂಡು ಅವನು ಬೇಸಿಗೆಯೆಲ್ಲ ಆ ಗುಡ್ಡದ ಕಡೆ ತಲೆ ಹಾಕಿರಲಿಲ್ಲ. ಮರುದಿನವೇ ಟ್ರಕ್ಕು ಹತ್ತಿ ರಟ್ಲೆಂಡ್‌ಗೆ ಹೋದ. ಊಟದ ಬಿಡುವಿನಲ್ಲಿ ಅವಳು ಕಚೇರಿಯ ಹಿಂದೆ ನಿಲ್ಲಿಸಿದ್ದ ತನ್ನ ಕಾರಿನಲ್ಲಿ ಕುಳಿತು ಬ್ರೆಡ್ಡು ತಿನ್ನುತ್ತಿದ್ದಳು. ಅವನು ಕಿಟಕಿಯ ಬಳಿ ನಿಂತ.

“ನಂಗೆ ಅರ್ಥ ಆಗಿತ್ತಮ್ಮ.”

ಅವಳು ಬ್ರೆಡ್ಡನ್ನು ಮಡಿಲಿಗೆ ಇಳಿಸಿದಳು.

“ಆವತ್ತೇ ಆಗಿತ್ತು. ನನ್ನ ಹೆಸರು ನಮ್ಮಣ್ಣನ ಹೆಸರು. ನಾನು ಹುಟ್ಟೋಕ್ಕೆ ಎರಡು ವರ್ಷ ಮುಂಚೆ ಹೋದ. ಗುಡ್ಡದ ಸ್ಮಶಾನದಲ್ಲಿ ನನ್ನ ಹೆಸರಿನ ಕಲ್ಲಿದೆ. ಅರ್ಥ ಆಯ್ತು ಅಂದಿದ್ರೆ ಏನು ಅಂತ ಎದ್ದು ಹೇಳ್ಬೇಕಿತ್ತು, ಊರೆಲ್ಲ ಕೂತಿರೋವಾಗ. ನನ್ನ ಹೆಂಡತಿಗೂ ಹೇಳಿಲ್ಲ ನಾನದನ್ನ.”

“ಅದಕ್ಕೆ ಇಲ್ಲ ಅಂದ್ರಾ?”

“ಸೆಪ್ಟೆಂಬರ್‌ನಲ್ಲಿ ಬೇರೆಯವ್ರಿಗೆ ಹೇಳ್ತಾಳೆ ಬಿಡು ಅಂದ್ಕೊಂಡೆ. ಹುಟ್ಟಿದಾಗಿಂದ ಹಂಗೇ ನೋಡಿದೀನಿ. ಸೆಪ್ಟೆಂಬರ್ ಇಲ್ಲ ಅನ್ನೋದು ಆ ಗಳಿಗೇಲಿ ತಲೆಗೇ ಬರಲಿಲ್ಲ.”

ತೆಸ್ಸಾ ಬೈಯಲಿಲ್ಲ. “ಎಲ್ಲಿ ಅರ್ಥ ಆಯ್ತು? ಯಾವ ಮಾತಿಗೆ?” ಎಂದು ಕೇಳಿದಳು.

“ಕರೆಯೋಕ್ಕೆ ನೆಪ ಅಂದ್ಯಲ್ಲ, ಅಲ್ಲಿ. ನಮ್ಮಮ್ಮ ಸಂಜೆ ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯೋಳು. ನಾನು ಓಡಿ ಬರ್ತಿದ್ದೆ. ಬಂದು ಮುಂದೆ ನಿಂತ ಮೇಲೂ ಇನ್ನೊಂದು ಸಲ ಕರೆಯೋಳು. ನನ್ನ ತಲೆ ಮೇಲಿಂದ, ಹಿಂದಿನ ಹೊಲದ ಕಡೆ ನೋಡ್ಕೊಂಡು. ನಾನು ಏನೋ ತಪ್ಪು ಮಾಡಿದೀನಿ ಅಂದ್ಕೋತಿದ್ದೆ. ಎಪ್ಪತ್ತು ವರ್ಷ ಹಂಗೇ ಅಂದ್ಕೊಂಡಿದ್ದೆ, ನೀನು ಹೇಳೋವರೆಗೂ.”

ಅವಳು ಅಳುತ್ತಿದ್ದಳು. “ಇದು ನನ್ನ ಹತ್ರ ಇರಲಿಲ್ಲ. ಎರಡನೇ ಮಗು ಏನು ಹೇಳತ್ತೆ ಅಂತ ಎಲ್ಲಾ ಕಡೆ ಹುಡುಕಿದೆ. ಎಲ್ಲೂ ಸಿಗಲಿಲ್ಲ.”

“ಈಗ ಯಾರಿಗೆ ಹೋಗಿ ಹೇಳ್ಲಿ? ಎಲ್ಲಿಗೆ ಬೇಕಾದ್ರೂ ಬರ್ತೀನಿ. ಎದ್ದು ನಿಂತು ಹೇಳ್ತೀನಿ, ಎಷ್ಟು ಜನ ಇದ್ರೂ.”

“ಯಾರೂ ಇಲ್ಲ, ಪ್ರೆಂಟಿಸ್ ಅವರೇ. ಕೇಳೋರು ಯಾರೂ ಉಳಿದಿಲ್ಲ.”

ಬಿಡುವು ಮುಗಿಯಲು ಆರು ನಿಮಿಷವಿತ್ತು. ಅವಳು ಪಕ್ಕದ ಸೀಟಿನ ಮೇಲಿದ್ದ ಚೀಲವನ್ನು ಹಿಂದಕ್ಕೆ ಹಾಕಿ ಬಾಗಿಲು ತೆರೆದಳು. ಅವನು ಒಳಗೆ ಬಂದು ಕುಳಿತ. ಅವಳು ಕೈಗೆ ಸಿಕ್ಕಿದ ವಿಮೆಯ ದೂರಿನ ಹಾಳೆಯೊಂದನ್ನು ಮಗುಚಿ, ಅಮ್ಮನ ಹೆಸರೇನು, ಬಾಗಿಲು ಯಾವ ದಿಕ್ಕಿಗಿತ್ತು, ಹೊಲದಲ್ಲಿ ಏನಿತ್ತು ಎಂದು ಕೇಳುತ್ತ, ಬರೆದುಕೊಳ್ಳುತ್ತ ಹೋದಳು. ಅವನು ಹೇಳಿದ. ಹಾಳೆ ತುಂಬಿದಾಗ ಅವಳು ಕಚೇರಿಯ ಒಳಗೆ ಹೋಗಬೇಕಾಯಿತು.

ಹೊರಡುವಾಗ ಅವಳು ಕೈ ಕುಲುಕಿದಳೆಂದು ಆರ್ಲೊ ಹೇಳುತ್ತಾನೆ. ಕುಲುಕಲಿಲ್ಲ, ತನ್ನಿಂದಾಗಲಿಲ್ಲ ಎಂದು ತೆಸ್ಸಾ ಹೇಳುತ್ತಾಳೆ. ಎರಡನೆಯ ಬಾರಿ ಕೇಳಿದಾಗಲೂ ಇಬ್ಬರೂ ಹಾಗೆಯೇ ಹೇಳಿದರು.