ಉಬ್ಬೋ ನಕ್ಷತ್ರದ ಪಕ್ಕದ್ಮನೆಯವರು

ಒಂದು ವರ್ಷ ಪೂರ್ತಿ ಒಂದೇ ನಕ್ಷತ್ರದ ಹಿಂದೆ ಬಿದ್ದಿದ್ದ ಅವನು. ಮನೆಯಲ್ಲಿ ಅವನನ್ನ ಮಿಣುಕ ಅಂತಾನೇ ಕರೀತಿದ್ರು. ಹಾಗೆ ಹೆಸರಿಟ್ಟವಳು ಅತ್ತಿಗೆ. ಆಕೆ ಕೈಗೆ ಸಿಕ್ಕಿದ ಯಾರನ್ನೂ ಸುಮ್ನೆ ಬಿಟ್ಟವಳಲ್ಲ, ಬಿಡಿ.

ಕೆಲಸ ಏನಪ್ಪಾ ಅಂದ್ರೆ, ನಕ್ಷತ್ರದ ಬೆಳಕು ಅಳೆಯೋದು. ಹಾಗಂತ ನೇರವಾಗಿ ಅಳೆಯೋಕಾಗಲ್ಲ. ತೆಳ್ಳಗೆ ಒಂದು ಮೋಡ ಅಡ್ಡ ಬಂದ್ರೂ ಬೆಳಕು ಕಮ್ಮಿ ಕಾಣುತ್ತೆ, ನಕ್ಷತ್ರದ ತಪ್ಪೇನೂ ಇರಲ್ಲ. ಅದಕ್ಕೆ ಪಕ್ಕದಲ್ಲೇ ಇರೋ, ಬೆಳಕು ಏರಿಳಿಯದ ಒಂದು ಸಾಧು ನಕ್ಷತ್ರವನ್ನ ಹಿಡ್ಕೊಂಡು, ಅದಕ್ಕಿಂತ ಇದು ಎಷ್ಟು ಜಾಸ್ತಿ, ಎಷ್ಟು ಕಮ್ಮಿ ಅಂತ ನೋಡ್ತಾರೆ. ಮೋಡ ಬಂದ್ರೆ ಇಬ್ರಿಗೂ ಬರುತ್ತೆ, ಲೆಕ್ಕ ಸರಿಹೋಗುತ್ತೆ. ಹೀಗೆ ನೋಡ್ತಾ ನೋಡ್ತಾ ಮಿಣುಕನಿಗೆ ಏನು ಕಾಣಿಸ್ತು ಅಂತೀರಿ? ಅವನ ನಕ್ಷತ್ರ ಆಗಾಗ, ಹೇಳಿ ಕಳಿಸಿದ ಹಾಗೆ, ಕೆಲವು ಗಂಟೆ ಉಬ್ಬುತ್ತೆ. ಬೆಳಕು ಏರುತ್ತೆ, ಇಳಿಯುತ್ತೆ, ಮತ್ತೆ ತೆಪ್ಪಗಾಗುತ್ತೆ. ಇಂಥದ್ದನ್ನ ಹುಟ್ಟಿದ ಯಾರೂ ಕಂಡಿಲ್ಲ ಅಂತ ಇವನು ಊರೆಲ್ಲ ಡಂಗುರ ಸಾರಿದ.

ಅವತ್ತು ಮಧ್ಯಾಹ್ನ ಸಮಿತಿ ಕೂರೋದಿತ್ತು. ದೊಡ್ಡ ಟೆಲಿಸ್ಕೋಪಿನಲ್ಲಿ ಯಾರಿಗೆ ಎಷ್ಟು ಹೊತ್ತು ಅಂತ ಹಂಚೋರು ಅವರೇ. ಹೊತ್ತು ಸಿಕ್ಕಿದ್ರೆ ಮಿಣುಕನ ಕೆಲಸ ಉಳೀತು. ಸಿಗದಿದ್ರೆ ಅಣ್ಣನ ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸ್ತಾ ಕೂರೋದು, ಅಷ್ಟೇ ಕಥೆ.

ಅತ್ತಿಗೆಗೂ ಮಿಣುಕನ ವೀಕ್ಷಣಾಲಯದಲ್ಲೇ ಕೆಲಸ. ಆಕೆ ನಕ್ಷತ್ರದ ಬೆಳಕನ್ನ ಕಾಮನಬಿಲ್ಲಿನ ಹಾಗೆ ಹರಡಿ, ಅದರೊಳಗಿನ ಕಪ್ಪು ಗೆರೆಗಳನ್ನ ಓದೋಳು. ನಕ್ಷತ್ರ ನಮ್ಮ ಕಡೆ ಬರ್ತಿದ್ರೆ ಗೆರೆ ನೀಲಿ ಕಡೆ ಜರುಗುತ್ತೆ, ಆಚೆ ಹೋಗ್ತಿದ್ರೆ ಕೆಂಪು ಕಡೆ. ಕಾವು ಹೆಚ್ಚಾದ್ರೂ ಗೆರೆ ಚಾಡಿ ಹೇಳಿಬಿಡುತ್ತೆ.

ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿ ನಿಂತ್ಕೊಂಡೇ ಬ್ರೆಡ್ಡು ಕಾಫಿ ಮುಗಿಸ್ತಿದ್ರು. ಅತ್ತಿಗೆ ಬಾಯಿ ತೆಗೆದಳು.

"ಮಿಣುಕಾ, ನಿನ್ನ ನಕ್ಷತ್ರ ಉಬ್ಬೋ ಹೊತ್ತಲ್ಲೇ ಗೆರೆ ತೆಗೆದೆ ಕಣೋ."

"ಹೌದಾ? ಏನು ಕಾಣಿಸ್ತು?"

"ಮಣ್ಣು. ಕಾವೂ ಏರಿಲ್ಲ, ಗೆರೆಯೂ ಅಲ್ಲಾಡಿಲ್ಲ. ಗೊರಕೆ ಹೊಡೀತಾ ಮಲಗಿದೆ ಅದು."

"ನಿಮ್ಮ ಯಂತ್ರಕ್ಕೆ ಕಣ್ಣು ಮಂಜಾಗಿರ್ಬೇಕು ಅತ್ತಿಗೆ. ಅಣ್ಣನ ಹತ್ರ ಒಂದು ಕನ್ನಡಕ ಹಾಕಿಸಿ."

"ಇವತ್ತು ಸಮಿತಿಯಲ್ಲಿ ಮುಖಕ್ಕೆ ಹೊಡೆದ ಹಾಗೆ ಇದನ್ನೇ ಕೇಳಿದ್ರೆ, ನಾಳೆಯಿಂದ ಅಂಗಡಿಯಲ್ಲಿ ಕೂತು ನೀನೇ ಹಾಕ್ಕೊಡ್ತೀಯ ಬಿಡು."

ಅಣ್ಣ ತನಗೆ ಕಿವಿಯೇ ಇಲ್ಲದವನ ಹಾಗೆ ಬೆಣ್ಣೆ ಸವರ್ತಿದ್ದ. ಮಿಣುಕ ಅರ್ಧ ಬ್ರೆಡ್ಡನ್ನ ತಟ್ಟೆಯಲ್ಲೇ ಬಿಟ್ಟು ಬ್ಯಾಗು ಹೆಗಲಿಗೇರಿಸಿದ. ಅತ್ತಿಗೆ ಎಷ್ಟೇ ಗೇಲಿ ಮಾಡಿದ್ರೂ ಗೆರೆ ವಿಷಯದಲ್ಲಿ ಸುಳ್ಳು ಹೇಳೋಳಲ್ಲ, ಅದು ಅವನಿಗೂ ಗೊತ್ತು.

ಆಫೀಸಿಗೆ ಹೋದವನೇ ಕಂಪ್ಯೂಟರ್ ಮುಂದೆ ಕೂತ. ಅತ್ತಿಗೆ ಬೆನ್ನಿಗೇ ಬಂದು ಕುರ್ಚಿ ಎಳ್ಕೊಂಡಳು.

"ಹೋಲಿಸೋಕೆ ಒಂದೇ ನಕ್ಷತ್ರ ಇಟ್ಕೊಂಡಿದ್ದೀಯಲ್ಲೋ. ಇನ್ನೊಂದು ಸಾಕ್ಷಿ ಬೇಡ್ವಾ?"

"ಇತ್ತು. ಸರಿಯಿರ್ಲಿಲ್ಲ, ಕಿತ್ತು ಬಿಸಾಕಿದೆ. ಕ್ಯಾಮೆರಾದಲ್ಲಿ ಆ ಮೂಲೆಗೆ ಧೂಳು ಕೂತಿತ್ತು."

"ಧೂಳು ಕಣ್ಣಾರೆ ಕಂಡ್ಯಾ?"

ಮಿಣುಕ ತಲೆ ಕೆರ್ಕೊಂಡ. "ಇರ್ಬೇಕು ಅಂದ್ಕೊಂಡೆ. ಸಾಧು ನಕ್ಷತ್ರ ಅಂತ ಇಟ್ಕೊಂಡ್ರೆ ಅದೂ ಆಗಾಗ ಏರ್ತಿತ್ತು."

"ಆಗಾಗ ಅಂದ್ರೆ ಯಾವಾಗ?"

ಆ ಪ್ರಶ್ನೆ ಅವನು ತನ್ನನ್ನ ತಾನೇ ಕೇಳ್ಕೊಂಡಿದ್ರೆ ಈ ಕಥೆಯೇ ಇರ್ತಿರ್ಲಿಲ್ಲ! ಬಿಸಾಕಿದ ಅಳತೆಗಳನ್ನ ಹುಡುಕಿ ತೆಗೆದು, ತನ್ನ ನಕ್ಷತ್ರದ ಏರಿಳಿತದ ಚಿತ್ರದ ಮೇಲೆ ಇಟ್ಟ. ಇದು ಏರಿದಾಗ ಅದೂ ಏರಿದೆ. ಇದು ಇಳಿದಾಗ ಅದೂ ಇಳಿದಿದೆ. ಮಿಣುಕ ಬೆಪ್ಪಾಗಿ ನೋಡ್ತಾ ಕೂತ. ಅಷ್ಟರಲ್ಲಿ ಅಣ್ಣ ಊಟದ ಡಬ್ಬಿ ಹಿಡ್ಕೊಂಡು ಬಂದ.

"ರೀ, ಒಳ್ಳೆ ಹೊತ್ತಿಗೆ ಬಂದ್ರಿ," ಅಂತ ಅತ್ತಿಗೆ ಗಂಡನ್ನ ಎಳ್ಕೊಂಡು ನಡುವೆ ನಿಲ್ಲಿಸಿದಳು. ಒಂದು ಕಡೆ ತಾನು, ಇನ್ನೊಂದು ಕಡೆ ಮೈದುನ. "ಈಗ ಮೊಣಕಾಲು ಬಗ್ಗಿಸಿ."

"ಊಟ ತಂದಿದ್ದಕ್ಕೆ ಶಿಕ್ಷೆಯೇನೇ?" ಅಂತ ಗೊಣಗ್ತಾ ಅಣ್ಣ ಬಗ್ಗಿದ.

"ಈಗ ಹೇಳೋ ಮಿಣುಕಾ. ಇವರನ್ನ ಅಳತೆಕೋಲು ಮಾಡ್ಕೊಂಡ್ರೆ, ನೀನೂ ನಾನೂ ಒಟ್ಟಿಗೇ ಉದ್ದ ಆದ್ವಾ?"

ಮಿಣುಕ ಹಣೆ ಹಣೆ ಚಚ್ಚಿಕೊಂಡ. ಉಬ್ಬಿದ್ದು ಅವನ ನಕ್ಷತ್ರವಲ್ಲ, ಕುಗ್ಗಿದ್ದು ಸಾಧು ಅಂತ ನಂಬಿದ್ದ ಪಕ್ಕದ್ದು! ಸಾಕ್ಷಿ ನಿಜ ಹೇಳೋಕೆ ಬಂದ್ರೆ ಧೂಳು ಅಂತ ಓಡಿಸಿದ್ದ. ಚಿತ್ರವನ್ನ ತಲೆಕೆಳಗು ಮಾಡಿ ನೋಡಿದ. ಒಂದು ದೊಡ್ಡ ತಗ್ಗು, ಒಂದು ಸಣ್ಣ ತಗ್ಗು, ಮತ್ತೆ ದೊಡ್ಡದು. ಒಂದನ್ನೊಂದು ಸುತ್ತುತ್ತಾ, ಒಂದಕ್ಕೊಂದು ಅಡ್ಡ ಬರೋ ಜೋಡಿ ನಕ್ಷತ್ರ ಇದ್ರೆ ಹೀಗೇ ಕಾಣ್ಬೇಕು.

"ನಾನಿನ್ನು ಎದ್ದೇಳ್ಲಾ?" ಅಂದ ಅಣ್ಣ.

ಸಮಿತಿಗೆ ಇನ್ನು ಒಂದು ಊಟದಷ್ಟು ಹೊತ್ತು. ಮಿಣುಕ ಡಬ್ಬಿ ಮುಟ್ಟಲಿಲ್ಲ. ಹಳೇ ಮಾತನ್ನೇ ಒದರಿ ಬಂದ್ರೆ, ಅತ್ತಿಗೆ ಗೆರೆಯ ಸುದ್ದಿ ಎತ್ತದಿದ್ರೆ ಯಾರೂ ಹಿಡಿಯಲ್ಲ, ಕೆಲಸ ಉಳಿಯುತ್ತೆ. ನಿಜ ಹೇಳಿದ್ರೆ ಮಾನ ಹೋಗುತ್ತೆ, ಕೆಲಸವೂ ಹೋಗ್ಬಹುದು. ಅತ್ತಿಗೆ ಮುಖ ನೋಡಿದ.

"ನನ್ನನ್ನೇನು ನೋಡ್ತೀಯ? ನಾನು ಬಾಯಿ ಬಿಡಲ್ಲ. ನಕ್ಷತ್ರ ನಿನ್ನದು, ನಾಲಗೆಯೂ ನಿನ್ನದು."

ಸಮಿತಿಯ ಅಧ್ಯಕ್ಷೆಗೆ ಎಲ್ಲರೂ ಬೆನ್ನ ಹಿಂದೆ ಕತ್ತರಿ ಅಂತಿದ್ರು. ಯಾರು ಎಷ್ಟೇ ಹೊತ್ತು ಕೇಳ್ಲಿ, ಕತ್ತರಿಸದೆ ಕೊಟ್ಟವರಲ್ಲ. ಸಮಿತಿ ಮುಂದೆ ತನ್ನ ಸರದಿ ಬಂದಾಗ ಮಿಣುಕ ಎದ್ದು ನಿಂತ.

"ಮೇಡಂ, ವರ್ಷದಿಂದ ನಾನು ಹೊಗಳಿದ ನಕ್ಷತ್ರ ಏನೂ ಮಾಡಲ್ಲ. ಶುದ್ಧ ಸೋಂಬೇರಿ. ಹಾಗಂತ ಹೇಳಿದ ಸಾಕ್ಷಿ ನಕ್ಷತ್ರವನ್ನ ಧೂಳಿರ್ಬೇಕು ಅಂತ ನಾನೇ ಓಡಿಸಿದ್ದೆ. ಕುಣೀತಿರೋದು ಪಕ್ಕದ್ದು. ಅದು ಜೋಡಿ ಇರ್ಬೇಕು."

ಕೋಣೆಯಲ್ಲಿ ಯಾರೋ ಕಿಸಕ್ಕಂದ್ರು. ಕತ್ತರಿ ನಗಲಿಲ್ಲ.

"ಒಂದು ಸಲ ಇರ್ಬೇಕು ಅಂತ ನಂಬಿ ಕೆಟ್ಟಿದ್ದೀರಿ. ಮತ್ತೆ ಇರ್ಬೇಕು ಅಂತೀರಲ್ಲ? ಗೆರೆ ತೋರಿಸಿ. ನಾಳೆ ಬೆಳಿಗ್ಗೆ ಪಟ್ಟಿಗೆ ಸಹಿ ಹಾಕ್ತೀನಿ, ಅದಕ್ಕೆ ಮುಂಚೆ."

ಅವತ್ತು ರಾತ್ರಿ ದೊಡ್ಡ ಟೆಲಿಸ್ಕೋಪಿನಲ್ಲಿ ಅತ್ತಿಗೆಯ ಸರದಿ. ಮಿಣುಕ ಬಾಯಿ ಬಿಟ್ಟು ಕೇಳೋಕೆ ಮುಂಚೇನೇ ಆಕೆ ಅಂದಳು, "ಕತ್ತಲಾದ ಮೇಲಿನ ಮೊದಲ ಗಂಟೆ ನಿಂದು. ಜೋಡಿ ಒಂದಕ್ಕೊಂದು ಅಡ್ಡ ಇಲ್ಲದೆ, ಬಿಡಿಬಿಡಿಯಾಗಿರೋ ಹೊತ್ತಾ ಅದು? ಲೆಕ್ಕ ಹಾಕಿದ್ಯಾ?"

"ಹಾಕಿದೆ ಅತ್ತಿಗೆ. ಇವತ್ತೇ."

ಪಡುವಣದಲ್ಲಿ ಇನ್ನೂ ಒಂಚೂರು ಕೆಂಪು ಇತ್ತು. ಟೆಲಿಸ್ಕೋಪಿನ ಮೇಲಿನ ಗುಮ್ಮಟ ಗಡಗಡ ಅಂತ ತೆರೀತು. ಪಕ್ಕದ ಕೋಣೆಯಲ್ಲಿ ಅತ್ತಿಗೆ ಮೈದುನ ಇಬ್ರೂ ಪರದೆಗೆ ಮೂಗು ಆನಿಸ್ಕೊಂಡು ಕೂತ್ರು. ಬೆನ್ನ ಹಿಂದೆ ಕತ್ತರಿ ಬಂದು ನಿಂತಿದ್ದು ಇಬ್ರಿಗೂ ಗೊತ್ತಾಗಲಿಲ್ಲ. ಪಕ್ಕದ ನಕ್ಷತ್ರದ ಬೆಳಕು ಪರದೆ ಮೇಲೆ ಹರಡ್ತು. ಒಂದು ಗೆರೆ ಇರ್ಬೇಕಾದ ಕಡೆಯಲ್ಲೆಲ್ಲ ಎರಡು! ಒಂದು ನೀಲಿ ಕಡೆ ಸರಿದಿದೆ, ಇನ್ನೊಂದು ಕೆಂಪು ಕಡೆ. ಒಂದು ನಕ್ಷತ್ರ ಬರ್ತಿದೆ, ಇನ್ನೊಂದು ಹೋಗ್ತಿದೆ.

ಮಿಣುಕ ಕಿರುಚಿದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು, ಕತ್ತರಿಯ ಕಾಲ ಮೇಲೆ.

"ಅಯ್ಯೋ, ಕ್ಷಮಿಸಿ ಮೇಡಂ!"

ಆಕೆ ಕಾಲು ಉಜ್ಕೊಳ್ತಾ ಪರದೆಯನ್ನೇ ನೋಡ್ತಿದ್ರು. "ಕೇಳಿದ ಅರ್ಧ ಹೊತ್ತು ಕೊಡ್ತೀನಿ," ಅಂದ್ರು. "ಈ ಸಲ ಸಾಕ್ಷಿಗಳನ್ನ ಓಡಿಸ್ಬೇಡಿ."

ಮಿಣುಕ ಬಿದ್ದ ಕುರ್ಚಿ ಎತ್ತಿ ಮತ್ತೆ ಅದರಲ್ಲೇ ಕೂತ. ಅತ್ತಿಗೆ ಗಡಿಯಾರ ನೋಡಿದಳು.

"ಏಳೋ, ನನ್ನ ಸರದಿ ಶುರುವಾಯ್ತು."

"ಇನ್ನೊಂದೇ ಒಂದು ಸಲ ತೆಗೀತೀನಿ ಅತ್ತಿಗೆ. ನಿಮ್ಮ ದಮ್ಮಯ್ಯ."