ಕೆಂದಿಗೆ ತಂದ ಬಳೆ

ಹಸುವಿನ ವಿಷಯದಲ್ಲಿ ದ್ಯಾವಮ್ಮನಿಗೆ ಬುದ್ಧಿ ಹೇಳುವವರು ಊರಿನಲ್ಲಿರಲಿಲ್ಲ. ದನದ ಡಾಕ್ಟರಿಗೂ ಆಕೆಯೇ ಹೇಳಿಕೊಡುತ್ತಿದ್ದಳು. ಅಂಥವಳ ಕೊಟ್ಟಿಗೆಯಲ್ಲೇ ಕೆಂದಿ ಹಾಲು ಇಳಿಸದೆ ಕಾಲು ಝಾಡಿಸುತ್ತ ನಿಂತಿತು.

ಮಗ ರವೀಂದ್ರ ಕಬ್ಬಿನ ಟ್ರಾಕ್ಟರು ಮಗುಚಿ ತೀರಿಕೊಂಡಿದ್ದ. ಸಾವಿನ ಮನೆಯೆಂದು ಹಸು ಕಾಯುತ್ತದೆಯೇ? ತಿಥಿಯವರೆಗೂ ಸೊಸೆ ಪ್ರಮೀಳಾಳೇ ಎಂದಿನಂತೆ ಹಾಲು ಕರೆದಳು. ತಿಥಿಯ ದಿನ ದ್ಯಾವಮ್ಮ ಮುಂದೆ ನಿಂತು ಅವಳ ಬಳೆ ತೆಗೆಸಿದಳು. ಈಗಿನ ಕಾಲದಲ್ಲಿ ಇದೆಲ್ಲ ಯಾಕೆ ಎಂದರು ಕೆಲವು ನೆಂಟರು. ತನ್ನ ಬಳೆ ತೆಗೆಸುವಾಗ ಯಾರೂ ಹಾಗೆ ಕೇಳಿರಲಿಲ್ಲ ಎಂದು ಆಕೆ ಅವರ ಬಾಯಿ ಮುಚ್ಚಿಸಿದಳು.

ಮಾರನೆಯ ದಿನ ಪ್ರಮೀಳಾ ಕರೆಯಲು ಕೂತಾಗಿನಿಂದ ಕೆಂದಿಯ ಹಟ ಶುರುವಾಯಿತು. ಕರುವನ್ನು ಹುಟ್ಟಿದಂದಿನಿಂದಲೇ ಬೇರೆ ಕಟ್ಟಿ ಬೆಳೆಸಿದ್ದರಿಂದ ಅದನ್ನು ಬಿಟ್ಟರೂ ಹತ್ತಿರ ಸೇರಿಸಲಿಲ್ಲ. ದ್ಯಾವಮ್ಮ ತಾನೇ ಕೂತಳು, ಬೆಲ್ಲ ತಿನ್ನಿಸಿದಳು, ದೃಷ್ಟಿ ತೆಗೆದಳು. ಕೆಚ್ಚಲು ಬಿಗಿದು ಬಿಸಿಯಾಯಿತು. ಹೀಗೇ ಬಿಟ್ಟರೆ ಬಾವು ಬಂದು ಹಸು ಹಾಳಾಗುತ್ತದೆ ಎಂದರು ಡಾಕ್ಟರು. ಅದು ಆಕೆಗೂ ಗೊತ್ತಿತ್ತು.

ಅವತ್ತು ಪಕ್ಕದ ಮನೆಯ ಸುನಿತಾ ಬಂದು ಬೂಸಾ ಕಲಸಲು ಬಕೆಟ್ಟಿಗೆ ಕೈ ಹಾಕಿದಳು. ಅವಳ ಕೈತುಂಬ ಗಾಜಿನ ಬಳೆ. ಸದ್ದಾದದ್ದೇ ತಡ, ಕೆಂದಿ ಕಿವಿ ನಿಮಿರಿಸಿತು. ಮೊಲೆಗಳಿಂದ ಹಾಲು ತೊಟ್ಟಿಕ್ಕತೊಡಗಿತು. ದಿನಾ ತಾನೇ ಬಂದು ಕರೆದುಕೊಡುತ್ತೇನೆ ಎಂದಳು ಸುನಿತಾ. ದ್ಯಾವಮ್ಮ ಬೇಡ ಎಂದಳು.

ಆಕೆ ನೇರ ಸಂತೆಬಾಚಹಳ್ಳಿಯ ಬಸ್ಸು ಹತ್ತಿದಳು. ಬಳೆ ಯಾರಿಗೆ ಎಂದ ಬಳೆಗಾರ. ಹಸುವಿಗೆ ಎಂದಳು. ಅವನು ನಗಲೋ ಬೇಡವೋ ಎಂದು ನೋಡಿದ. ಸೊಸೆಯ ಕೈ ಅಳತೆ ಮಾತ್ರ ಆಕೆಗೆ ಬಾಯಿಪಾಠವಾಗಿತ್ತು.

ಅಂದಿನಿಂದ ಪ್ರಮೀಳಾ ಬಳೆ ತೊಟ್ಟು ಹಾಲು ಕರೆಯುವಳು, ಕರೆದಾದ ಮೇಲೆ ಕಳಚಿ ಕೊಟ್ಟಿಗೆಯ ಮೊಳೆಗೆ ಹಾಕುವಳು. ಅತ್ತೆ ಹಾಗೆ ಮಾಡು ಎಂದಿರಲಿಲ್ಲ, ಬೇಡ ಎಂದೂ ಇರಲಿಲ್ಲ. ಡೈರಿಗೆ ಹಾಲು ಮೊದಲಿನಂತೆ ಹೋಯಿತು.

ಕೆಂದಿ ಮತ್ತೆ ಗಬ್ಬವಾಗಿ ಹಾಲು ಬತ್ತಿಸಿತು. ಕರು ಹಾಕುವವರೆಗೆ ಕರೆಯುವ ಕೆಲಸ ನಿಂತಿತು. ಮೊಳೆಯ ಮೇಲೆ ಬಳೆಗಳು ಧೂಳು ಹಿಡಿದದ್ದನ್ನು ದ್ಯಾವಮ್ಮ ಒಂದು ಬೆಳಿಗ್ಗೆ ಕಂಡಳು. ಅವನ್ನು ಸೆರಗಿನಲ್ಲಿ ಒರೆಸಿ ಸೊಸೆಯನ್ನು ಕರೆದಳು.

"ಕೆಂದಿ ಕರ ಆಕೋಗಂಟ ಇಲ್ಲಿದ್ರೆ ಒಡ್ದೋಯ್ತವೆ. ನಿನ್ ಕೈಲೇ ಇರ್ಲಿ ಬುಡವ್ವ."

ಪ್ರಮೀಳಾ ಕೈ ನೀಡಿದಳು. ದ್ಯಾವಮ್ಮ ಒಂದೊಂದಾಗಿ ತೊಡಿಸಿದಳು.