ಹಿಟ್ಟು ಮೆತ್ತಿದ ಹುಳ

ಪೆಟ್ಟಿಗೆಯ ಬಾಗಿಲಲ್ಲಿ ಜೇನುಹುಳಗಳು ಒಂದನ್ನೊಂದು ಕಚ್ಚಿ ಕೊಲ್ಲುತ್ತಿದ್ದವು. ಅಮಾತೆಪ್ಪ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಎರಡು ಹುಳ ಕಾಲಿಗೆ ಕಾಲು ಹೆಣೆದುಕೊಂಡು ಹಲಗೆಯಿಂದ ಉರುಳಿ, ಕೆಳಗೆ ಸತ್ತುಬಿದ್ದವುಗಳ ಮೇಲೆ ಬಿದ್ದವು. ಬರಿಹೊಟ್ಟೆಯಲ್ಲಿ ಒಳಗೆ ನುಗ್ಗಿದ್ದು ಹೊಟ್ಟೆ ಉಬ್ಬಿಸಿಕೊಂಡು ಹೊರಬರುತ್ತಿತ್ತು. ಹಾಡಹಗಲೇ ಕಳ್ಳತನ ನಡೆದಿತ್ತು.

ದೀಪಾವಳಿ ಕಳೆದು ಗುರೆಳ್ಳಿನ ಹೂ ಉದುರಿತ್ತು, ಬಿಳಿಜೋಳ ಇನ್ನೂ ತೆನೆ ಬಿಟ್ಟಿರಲಿಲ್ಲ. ಕಮತಗಿಯ ಹೊಲಗಳಲ್ಲಿ ಹುಳಕ್ಕೆ ಮೇವಿಲ್ಲದ ಕಾಲ. ಇಂಥ ದಿನಗಳಲ್ಲಿ ಬಲವಾದ ಗೂಡಿನ ಹುಳಗಳು ಸೊರಗಿದ ಗೂಡನ್ನು ದೋಚುತ್ತವೆ ಎಂದು ಅವನಿಗೆ ಹೇಳಿಕೊಟ್ಟವನು ಹೆಂಡತಿಯ ತಮ್ಮ ರಾಚಪ್ಪ. ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಖಾದಿ ಮಂಡಳಿಯವರು ಜೇನುಪೆಟ್ಟಿಗೆ ಹಂಚಿದಾಗ ಅಕ್ಕನ ಗಂಡನಾದ ಈ ಮಾವನನ್ನು ಎಳೆದುಕೊಂಡು ಹೋದವನೂ ಅವನೇ. ಮಗ್ಗದಿಂದ ಎದ್ದು ಬಂದು ಮಾವನ ಪಕ್ಕ ಕೂತನೆಂದರೆ, ಯಾವ ಹುಳ ಯಾವ ಹೂವಿನ ಪುಡಿ ತಂದಿತೆಂದು ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅಮಾತೆಪ್ಪನ ಎರಡು ಗೂಡುಗಳಲ್ಲಿ ಗಟ್ಟಿಯಾದದ್ದು ಹುಣಸೆಮರದ ಕೆಳಗಿತ್ತು. ಸೊರಗಿದ್ದು ಇದು, ಬೇಲಿ ಪಕ್ಕದ್ದು. ಬೇಲಿಯಾಚೆ ರಾಚಪ್ಪನ ಮನೆ, ಅವನ ಪೆಟ್ಟಿಗೆ.

"ಇವು ಅವನ ಹುಳಾನ," ಎಂದ ಅಮಾತೆಪ್ಪ.

ಅಂಗಳದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗುರುಲಿಂಗವ್ವ ತಲೆಯೆತ್ತಲಿಲ್ಲ. "ಹೊರಗ ಬರೋ ಹುಳದ ಮ್ಯಾಲ ಹಿಟ್ಟು ಉದುರಸ್ರಿ. ಬೆಳ್ಳಗಾದವು ಯಾವ ಪೆಟಗಿಗೆ ಹೋಗ್ತಾವು ನೋಡ್ರಿ. ರಾಚಪ್ಪ ಹೇಳಿದ್ದಿಲ್ಲೇನು?"

"ಕಳ್ಳನ್ನ ಕೇಳಿ ಕಳ್ಳನ್ನ ಹಿಡೀಲೇನು?"

"ನಿನ್ನಿ ಮಟಮಟ ಮಧ್ಯಾಹ್ನದಾಗ ಈ ಗೂಡಿಗೆ ಬೆಲ್ಲದ ನೀರು ಇಟ್ರಿ. ಸಂಜಿಮುಂದ ಇಡ್ರಿ, ಬಿಸಲಾಗ ವಾಸನಿಗೆ ಎಲ್ಲಾ ಹುಳಾ ಬರ್ತಾವು ಅಂತನೂ ಹೇಳಿದ್ದ."

ಮಾತು ಸರಿಯಾಗಿ ನಾಟಿತು. ಅಮಾತೆಪ್ಪನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ತಪ್ಪು ತನ್ನದೆಂದು ಯಾರಾದರೂ ಅಂದರಂತೂ ಕೇಳುವುದೇ ಬೇಡ. ಗುದ್ದಲಿಯಿಂದ ಕಳಚಿ ಗೋಡೆಗೊರಗಿಸಿದ್ದ ಮರದ ಕಾವನ್ನು ಎತ್ತಿಕೊಂಡು ಬೇಲಿ ದಾಟಿದ.

ಮೊದಲ ಏಟಿಗೆ ರಾಚಪ್ಪನ ಪೆಟ್ಟಿಗೆಯ ಮುಚ್ಚಳ ಹಾರಿತು. ಎರಡನೆಯದಕ್ಕೆ ಪಕ್ಕದ ಹಲಗೆ ಸೀಳಿ, ಮೇಣದ ಎರಿಗಳು ಕುಸಿದು, ಜೇನಿನ ಜೊತೆ ಬಿಳಿಯ ಮರಿಗಳು ಮಣ್ಣಿಗೆ ಸುರಿದವು. ಹುಳಗಳು ಅವನ ಮುಖಕ್ಕೆ ಮುತ್ತಿದವು. ಕಣ್ಣರೆಪ್ಪೆಗೆ ಚುಚ್ಚಿದವು, ತುಟಿಗೆ ಚುಚ್ಚಿದವು. ಉರಿ ಏರಿದಷ್ಟೂ ಬಡಿದ. ಬಡಿಯುವುದರಲ್ಲಿ ಒಂದು ಸುಖವೂ ಇತ್ತು.

ರಾಚಪ್ಪ ಮಗ್ಗದ ಕುಣಿಯಿಂದೆದ್ದು ಓಡಿಬಂದ. ಮಾವನನ್ನು ತಡೆಯುವ ಬದಲು ಪೆಟ್ಟಿಗೆಯ ಮೇಲೆ ಬಾಗಿ ಬಲಗೈ ಅಡ್ಡ ಹಿಡಿದ.

"ಬ್ಯಾಡ್ರಿ ಮಾವಾ. ಒಳಗ ರಾಣಿ ಐತ್ರಿ."

ಅಮಾತೆಪ್ಪ ಕೈ ನೋಡಿದ, ನೋಡಿಯೇ ಹೊಡೆದ. ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು. ರಾಚಪ್ಪ ಒಮ್ಮೆ ಕೂಗಿ ಮೊಣಕಾಲೂರಿದ. ಅಷ್ಟೂ ಸಾಲದೆ ಅಮಾತೆಪ್ಪ ಹೆಗಲ ಮೇಲೊಂದು ಬಿಟ್ಟ. ರಾಚಪ್ಪನ ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗೆ ಜೋತುಬಿದ್ದಿತ್ತು. ಅದು ಲಾಳಿ ಎಸೆಯುವ ಕೈ. ಮನೆಮಂದಿಯೆಲ್ಲ ಉಣ್ಣುತ್ತಿದ್ದದ್ದು ಅದೊಂದರಿಂದ.

"ಇನ್ನ ಕಳಸ್ಲೇ ನಿನ್ನ ಹುಳಾ," ಎಂದು ಉಗುಳಿ ಅಮಾತೆಪ್ಪ ತಿರುಗಿದ.

ಬೇಲಿಯ ಸಂದಿಯಲ್ಲಿ ಗುರುಲಿಂಗವ್ವ ಎದುರಾದಳು. ತಮ್ಮನ ಕೂಗು ಕೇಳಿ ಓಡುತ್ತಿದ್ದಳು. ಅವಳ ಕೈ, ಸೆರಗು ಎಲ್ಲ ಜೋಳದ ಹಿಟ್ಟು.

"ಹಿಟ್ಟು ಉದುರಿಸೇನಿ," ಎಂದಳು, ನಿಲ್ಲದೆ. "ಹುಣಸಿಮರದ ಕೆಳಗ ಹೋಗಿ ನೋಡ್ರಿ."

ಅಮಾತೆಪ್ಪ ಹೋದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಇನ್ನೊಂದರಲ್ಲಿ ನೋಡಿದ. ಬೇಲಿ ಪಕ್ಕದ ಸೊರಗಿದ ಗೂಡಿನಿಂದ ಎದ್ದ ಬಿಳಿ ಹುಳಗಳು ಅಂಗಳದ ಮೇಲೆ ಹಾದು, ಅವನದೇ ಗಟ್ಟಿ ಗೂಡಿನ ಬಾಗಿಲಲ್ಲಿ ಇಳಿದು, ಮನೆಯವರಂತೆ ಒಳಗೆ ನಡೆಯುತ್ತಿದ್ದವು. ಅವನಿಗೆ ನಾಚಿಕೆಗಿಂತ ಮೊದಲು ಹೆದರಿಕೆಯಾಯಿತು. ರಾಚಪ್ಪನ ಮುರಿದ ಕೈ ಕೂಡದಿದ್ದರೆ?

ಬೇಲಿಯಾಚೆಯಿಂದ ಗುರುಲಿಂಗವ್ವನ ದನಿ ಕೇಳುತ್ತಿತ್ತು. "ಬೆರಳು ಆಡ್ಸೋ ತಮ್ಮಾ. ಒಂದಾದ್ರೂ ಆಡ್ಸೋ."

ಅಮಾತೆಪ್ಪನ ಕೈಯಲ್ಲಿ ಗುದ್ದಲಿಯ ಕಾವು ಇನ್ನೂ ಹಾಗೇ ಇತ್ತು, ತುದಿಯವರೆಗೂ ಅಂಟಂಟು. ಹಿಟ್ಟು ಮೆತ್ತಿದ ಒಂದು ಹುಳ ಗೂಡಿನ ಬಾಗಿಲು ಬಿಟ್ಟು ಬಂದು ಅದರ ಮೇಲೆ ಕೂತು, ರಾಚಪ್ಪನ ಜೇನನ್ನು ನೆಕ್ಕತೊಡಗಿತು.